ಜಾಬ್ ಪೋರ್ಟಲ್ ಯಾರಿಗಾಗಿ ದುಡಿಯುತ್ತದೆ?

ವಯನಾಡು ಜಿಲ್ಲೆಯ ಮುಳ್ಳನ್ಕೊಲ್ಲಿ ಪಂಚಾಯಿತಿಯ ಗಡಿಯಲ್ಲಿ ಕಬಿನಿ ಹರಿಯುತ್ತದೆ. ಮರಕ್ಕಡವಿನಲ್ಲೋ ಪೆರಿಕ್ಕಲ್ಲೂರಿನಲ್ಲೋ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಆಚೆ ದಡ ಸಿಗುತ್ತದೆ, ಅದು ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ. ಬೈರಕುಪ್ಪೆಯವರು ಅಂಗಡಿಗೆ, ಆಸ್ಪತ್ರೆಗೆ ಈಚೆ ಬರುತ್ತಾರೆ. ಈಚೆಯವರು ಶುಂಠಿ ಬೆಳೆಯಲು, ಕೂಲಿ ಮಾಡಲು ಆಚೆ ಹೋಗುತ್ತಾರೆ. ಓದು ಮುಗಿಸಿ ಮನೆಯಲ್ಲಿ ಕುಳಿತ ಮಕ್ಕಳ ಚಿಂತೆ ಎರಡೂ ದಡಗಳಲ್ಲಿ ಒಂದೇ. ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಡಿದು ಬೆಲೆಯೂ ಕುಸಿದ ಮೇಲೆ, ಪುಲ್ಪಳ್ಳಿ–ಮುಳ್ಳನ್ಕೊಲ್ಲಿ ಸೀಮೆಯಲ್ಲಿ ತೋಟವನ್ನೇ ನೆಚ್ಚಿಕೊಳ್ಳುವ ಧೈರ್ಯ ಕರಗಿದೆ. ಜಿಲ್ಲೆಗೆ ರೈಲಿಲ್ಲ. ಬಾವಲಿಯ ಮೂಲಕ ಮೈಸೂರಿಗೆ ಹೋಗುವ ಕಾಡು ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ.

ಇಂಥ ಕಡೆ ಮೊಬೈಲಿನಲ್ಲಿ ಕೆಲಸ ಹುಡುಕಬಹುದು ಎಂಬ ಮಾತು ದೊಡ್ಡ ಆಸೆ ಹುಟ್ಟಿಸುತ್ತದೆ. ನೌಕ್ರಿ, ಲಿಂಕ್ಡ್‌ಇನ್, ಇಂಡೀಡ್, ಅಪ್ನಾ ಹೀಗೆ ಒಂದಲ್ಲ ಒಂದು ಆ್ಯಪ್ ಪದವೀಧರರ ಫೋನಿನಲ್ಲಿ ಇದ್ದೇ ಇರುತ್ತದೆ. ನೂರಾರು ಅರ್ಜಿ ಹಾಕಿಯೂ ಒಂದು ಉತ್ತರ ಬರಲಿಲ್ಲ ಎಂಬ ಕೊರಗೂ ಅಷ್ಟೇ ಸಾಮಾನ್ಯ. ಹಾಗಾದರೆ ಈ ಉದ್ಯೋಗ ತಾಣಗಳಿಂದ ಕೆಲಸ ಹುಡುಕುವವರಿಗೆ ನಿಜಕ್ಕೂ ಪ್ರಯೋಜನವಿದೆಯೆ? ಇದೆ. ಆದರೆ ಅದು ಎಲ್ಲರಿಗೂ ಇಲ್ಲ, ಎಲ್ಲ ಕೆಲಸಕ್ಕೂ ಇಲ್ಲ. ಯಾರಿಗೆ, ಎಷ್ಟು ಎಂದು ತಿಳಿಯಬೇಕಾದರೆ ಈ ತಾಣಗಳಿಗೆ ದುಡ್ಡು ಕೊಡುವವರು ಯಾರು ಎಂಬಲ್ಲಿಂದ ಶುರು ಮಾಡಬೇಕು.

ದುಡ್ಡು ಕೊಟ್ಟವನೇ ಗಿರಾಕಿ

ಕೆಲಸ ಕೊಡುವವನನ್ನೂ ಮಾಡುವವನನ್ನೂ ಒಂದೆಡೆ ಸೇರಿಸುವ ಏರ್ಪಾಡು ವಯನಾಡಿಗೆ ಹೊಸತಲ್ಲ. ಮಾನಂದವಾಡಿ ಬಳಿಯ ವಳ್ಳಿಯೂರ್‌ಕಾವಿನ ಉತ್ಸವ ಒಂದು ಕಾಲಕ್ಕೆ ದೇವಿಯ ಜಾತ್ರೆಯೂ ಹೌದು, ಆಳುಗಳ ಸಂತೆಯೂ ಹೌದು. ಜಮೀನ್ದಾರರು ಅಲ್ಲಿ ಪಣಿಯ ಆದಿವಾಸಿಗಳ ಕೈಗೆ ‘ನಿಲ್ಪುಪಣ’ ಎಂಬ ಮುಂಗಡ ಹಣ ಇಡುತ್ತಿದ್ದರು. ದೇವಿಯ ಮುಂದೆ ಅದನ್ನು ಪಡೆದವನು ಇಡೀ ವರ್ಷ ಆ ಧಣಿಗೇ ದುಡಿಯಬೇಕಿತ್ತು. ಕೆಲಸವೇನೋ ಸಿಗುತ್ತಿತ್ತು, ಕೂಲಿ, ಷರತ್ತು, ಅವಧಿ ಮೂರನ್ನೂ ತೀರ್ಮಾನಿಸುತ್ತಿದ್ದವನು ಹಣ ಇಟ್ಟವನು. 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ಅದನ್ನು ಅಪರಾಧವೆಂದು ಸಾರಿತು. ಆ ಬಳಿಕ ಕೊಡಗಿನ ಕಾಫಿ ತೋಟಗಳಿಗೆ, ಶುಂಠಿ ಹೊಲಗಳಿಗೆ ಜನರನ್ನು ಜೀಪು ಹತ್ತಿಸುವ ಮೇಸ್ತ್ರಿ ಬಂದ. ಅವನಿಗೂ ಕಮಿಷನ್ ಬರುವುದು ತೋಟದ ಮಾಲೀಕನಿಂದ.

ಜೀತಕ್ಕೂ ಜಾಬ್ ಪೋರ್ಟಲಿಗೂ ಅಜಗಜಾಂತರವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಹಣ ಕೊಡುವವರು ಯಾರು ಎಂಬ ಪ್ರಶ್ನೆ ಆಳುಗಳ ಸಂತೆ, ಮೇಸ್ತ್ರಿ, ಪೋರ್ಟಲ್ ಮೂರಕ್ಕೂ ಸಲ್ಲುತ್ತದೆ. ನೌಕ್ರಿ ತಾಣವನ್ನು ಸಂಜೀವ್ ಬಿಖ್‌ಚಂದಾನಿ ಶುರು ಮಾಡಿದ್ದು 1997ರಲ್ಲಿ. ಹಿಂದೆ ತಾವು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಸಹೋದ್ಯೋಗಿಗಳು ‘ಬಿಸಿನೆಸ್ ಇಂಡಿಯಾ’ ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದರು, ಏಕೆಂದರೆ ಉದ್ಯೋಗದ ಜಾಹೀರಾತು ಇರುತ್ತಿದ್ದುದು ಅಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. ಕೈಯಲ್ಲಿ ಕೆಲಸ ಇದ್ದವರಿಗೂ ಬೇರೆಡೆ ಏನಿದೆ ಎಂಬ ಕುತೂಹಲ ಇರುತ್ತದೆ ಎಂಬ ಆ ಅರಿವೇ ಉದ್ಯಮವಾಯಿತು. ಅದರ ಆದಾಯದ ಮುಖ್ಯ ಮೂಲ ಕಂಪನಿಗಳು ಮತ್ತು ನೇಮಕಾತಿ ಏಜೆನ್ಸಿಗಳು. ಅವು ಜಾಹೀರಾತು ಹಾಕಲು ಹಣ ಕೊಡುತ್ತವೆ, ಅಭ್ಯರ್ಥಿಗಳ ಬಯೋಡೇಟಾ ಭಂಡಾರದಲ್ಲಿ ಹುಡುಕಾಡಲೂ ಹಣ ಕೊಡುತ್ತವೆ. ಕೆಲಸ ಹುಡುಕುವವನಿಗೆ ಖಾತೆ ತೆರೆಯುವುದು ಪುಕ್ಕಟೆ. ಅವನ ಬಯೋಡೇಟಾವೇ ಅಲ್ಲಿನ ಸರಕು.

ಇದರಲ್ಲಿ ಮೋಸವೇನೂ ಇಲ್ಲ, ಪತ್ರಿಕೆಗಳೂ ಜಾಹೀರಾತಿನಿಂದಲೇ ಬದುಕುತ್ತವೆ. ಆದರೆ ಇದರ ಪರಿಣಾಮ ಗಮನಿಸಬೇಕು. ಕಂಪನಿಗೆ ಬೇಕಾದ್ದು ಒಂದು ಹುದ್ದೆಗೆ ಹತ್ತಾರು ಒಳ್ಳೆಯ ಹೆಸರು. ಅಭ್ಯರ್ಥಿಗೆ ಬೇಕಾದ್ದು ಒಂದೇ ಒಂದು ಕೆಲಸ. ಒಂದು ಹುದ್ದೆಗೆ ಸಾವಿರ ಅರ್ಜಿ ಬಂದರೆ ತಾಣಕ್ಕೆ ಅದು ಹೆಮ್ಮೆಯ ಸಂಗತಿ, ಅರ್ಜಿ ಹಾಕಿದ ಸಾವಿರದಲ್ಲಿ 999 ಮಂದಿಗೆ ಸೋಲು. ಒಂದೇ ಗುಂಡಿ ಒತ್ತಿದರೆ ಅರ್ಜಿ ಹೋಗುವಂತೆ ಮಾಡಿದಷ್ಟೂ ಅರ್ಜಿಯ ಬೆಲೆ ಇಳಿಯುತ್ತದೆ. ಉತ್ತರ ಬಾರದಿರುವುದಕ್ಕೆ ಅಭ್ಯರ್ಥಿ ತನ್ನ ಯೋಗ್ಯತೆಯನ್ನೇ ಹಳಿದುಕೊಳ್ಳಬೇಕಿಲ್ಲ. ಎಷ್ಟೋ ಸಲ ಆ ಅರ್ಜಿಯನ್ನು ಯಾರೂ ತೆರೆದೇ ಇರುವುದಿಲ್ಲ.

ಪರದೆಯ ಆ ಬದಿಯಲ್ಲಿ

ಅದು ಹೇಗೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಮೈಸೂರಿನ ಒಂದು ಸಂಸ್ಥೆಗೆ ಲೆಕ್ಕಪತ್ರ ಸಹಾಯಕರು ಬೇಕು ಎಂದಿಟ್ಟುಕೊಳ್ಳಿ. ಅಲ್ಲಿನ ಎಚ್.ಆರ್. ಸಿಬ್ಬಂದಿ ತಾಣದ ಹುಡುಕು ಪೆಟ್ಟಿಗೆಯಲ್ಲಿ ‘ಟ್ಯಾಲಿ’, ‘ಜಿಎಸ್‌ಟಿ’ ಎಂದು ಹಾಕುತ್ತಾರೆ. ಅನುಭವ 1ರಿಂದ 3 ವರ್ಷ, ಊರು ಮೈಸೂರು ಎನ್ನುತ್ತಾರೆ. ಕಳೆದ ಕೆಲವು ದಿನಗಳಲ್ಲಿ ತಾಣಕ್ಕೆ ಬಂದು ಹೋದವರು ಮಾತ್ರ ಸಾಕು ಎಂಬ ಜರಡಿಯನ್ನೂ ಹಿಡಿಯುತ್ತಾರೆ. ಪಟ್ಟಿ ಬರುತ್ತದೆ. ಮೊದಲ ಒಂದೆರಡು ಪುಟದ ಹೆಸರುಗಳಿಗೆ ಫೋನ್ ಹೋಗುತ್ತದೆ, ಅಲ್ಲಿಗೆ ಕೆಲಸ ಮುಗಿಯುತ್ತದೆ.

ಈಗ ಮುಳ್ಳನ್ಕೊಲ್ಲಿಯ ಬಿ.ಕಾಂ. ಪದವೀಧರೆಯ ಬಯೋಡೇಟಾ ಏನಾಯಿತು ನೋಡಿ. ಆಕೆ ಊರಿನ ಕಾಲಂನಲ್ಲಿ ಮುಳ್ಳನ್ಕೊಲ್ಲಿ ಎಂದೇ ಪ್ರಾಮಾಣಿಕವಾಗಿ ಬರೆದಿದ್ದರೆ ಮೊದಲ ಜರಡಿಯಲ್ಲೇ ಕೆಳಗೆ ಬಿದ್ದಳು. ಯಾವ ಎಚ್.ಆರ್. ಕೂಡ ಆ ಹೆಸರು ಹಾಕಿ ಹುಡುಕುವುದಿಲ್ಲ. ‘ಅಕೌಂಟ್ಸ್ ಗೊತ್ತು’ ಎಂದು ಬರೆದು ‘ಟ್ಯಾಲಿ’ ಎಂದು ಬರೆಯದಿದ್ದರೆ ಎರಡನೆಯ ಜರಡಿ. ಸಹಕಾರ ಸಂಘದಲ್ಲಿ ಮಾಡಿದ ಒಂದು ವರ್ಷದ ತರಬೇತಿಯನ್ನು ಅನುಭವ ಎಂದು ತೋರಿಸದಿದ್ದರೆ ಮೂರನೆಯದು. ಎರಡು ತಿಂಗಳಿಂದ ಆ್ಯಪ್ ತೆರೆಯದಿದ್ದರೆ ನಾಲ್ಕನೆಯದು. ಅವಳ ಅಂಕಪಟ್ಟಿಯನ್ನು ಯಾರೂ ನೋಡಲೇ ಇಲ್ಲ.

ಇದರಿಂದ ಸಿಗುವ ಪಾಠಗಳು ಸಣ್ಣವು, ಆದರೆ ಉಪಯುಕ್ತ. ಹೋಗಲು ಸಿದ್ಧವಿರುವ ಊರುಗಳ ಹೆಸರು ಬರೆಯಬೇಕು: ಮೈಸೂರು, ಕಲ್ಪಟ್ಟ, ಕೋಯಿಕ್ಕೋಡ್, ಬೆಂಗಳೂರು. ಜಾಹೀರಾತಿನಲ್ಲಿ ಬಳಸಿದ ಪದಗಳನ್ನೇ, ಅವು ನಮಗೆ ನಿಜಕ್ಕೂ ಸಲ್ಲುವುದಾದರೆ, ಬಯೋಡೇಟಾದಲ್ಲೂ ಬಳಸಬೇಕು. ವಾರಕ್ಕೊಮ್ಮೆಯಾದರೂ ಪ್ರೊಫೈಲ್ ತೆರೆದು ಒಂದೆರಡು ಸಾಲು ತಿದ್ದಬೇಕು. ಮಲಯಾಳ ಮತ್ತು ಕನ್ನಡ ಎರಡೂ ಬಲ್ಲವರು ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಗಡಿಯವರಿಗೆ ಅದು ದಿನನಿತ್ಯದ ಸಂಗತಿ, ಗ್ರಾಹಕ ಸೇವಾ ಕೇಂದ್ರಕ್ಕೋ ಆಸ್ಪತ್ರೆಯ ಸ್ವಾಗತ ವಿಭಾಗಕ್ಕೋ ಅದೇ ಅಪರೂಪದ ಅರ್ಹತೆ.

ಅಧ್ಯಯನಗಳು ಹೇಳುವುದೇನು?

ಇಂಟರ್ನೆಟ್ ಬಂದ ಹೊಸತರಲ್ಲಿ ಅರ್ಥಶಾಸ್ತ್ರಜ್ಞರಿಗೂ ಇದೇ ಪ್ರಶ್ನೆ ಕಾಡಿತ್ತು. ಪೀಟರ್ ಕುನ್ ಮತ್ತು ಮಿಕಾಲ್ ಸ್ಕುಟೆರುಡ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದಲ್ಲಿ ಆನ್‌ಲೈನ್ ಹುಡುಕಾಟ ನಡೆಸಿದವರಿಗೆ ಬೇಗ ಕೆಲಸ ಸಿಕ್ಕಿತು ಎನ್ನಲು ಆಧಾರ ಸಿಗಲಿಲ್ಲ. ಹತ್ತು ವರ್ಷದ ಬಳಿಕ, 2014ರಲ್ಲಿ, ಕುನ್ ಮತ್ತು ಹಾನಿ ಮನ್ಸೂರ್ ಹೊಸ ಅಂಕಿ ಅಂಶ ಇಟ್ಟುಕೊಂಡು ಮತ್ತೆ ನೋಡಿದಾಗ, ನಿರುದ್ಯೋಗದ ಅವಧಿ ಸುಮಾರು ಶೇ 25ರಷ್ಟು ಕಡಿಮೆಯಾಗುವುದು ಕಂಡಿತು. ತಾಣಗಳು ಸುಧಾರಿಸಿದ್ದವು, ಕಂಪನಿಗಳೂ ಅಲ್ಲಿಗೆ ಬಂದಿದ್ದವು. ಎಂದರೆ ಕೆಲಸ ಕೊಡುವವರು ತಾಣದಲ್ಲಿ ಇದ್ದರೆ ಮಾತ್ರ ಹುಡುಕುವವರಿಗೂ ಅಲ್ಲಿ ಲಾಭ.

ನಮಗೆ ಇನ್ನೂ ಹತ್ತಿರದ್ದು ಭಾರತದಲ್ಲೇ ನಡೆದ ಒಂದು ಪ್ರಯೋಗ. ಎರಿನ್ ಕೆಲ್ಲಿ, ಕ್ರಿಸ್ಟೋಫರ್ ಕ್ಸೋಲ್, ಜೆರೆಮಿ ಮ್ಯಾಗ್ರುಡರ್ ಎಂಬ ಸಂಶೋಧಕರು ವೃತ್ತಿ ತರಬೇತಿ ಮುಗಿಸಿದ ಯುವಜನರನ್ನು ಒಂದು ಉದ್ಯೋಗ ತಾಣಕ್ಕೆ ಸೇರಿಸಿ ಏನಾಗುತ್ತದೆ ಎಂದು ನೋಡಿದರು. ಫಲಿತಾಂಶ ತಲೆಕೆಳಗಾಗಿತ್ತು. ತಾಣಕ್ಕೆ ಸೇರಿದವರು ಇನ್ನೂ ಒಳ್ಳೆಯ ಕೆಲಸ ಬಂದೀತು ಎಂದು ಕಾದರು. ಕೈಗೆ ಸಿಗಬಹುದಾಗಿದ್ದ ಕೆಲಸ ಹಿಡಿಯದೆ ಮನೆಯಲ್ಲೇ ಉಳಿದರು. ನಿರೀಕ್ಷೆ ಇಳಿದು ಅವರು ಮತ್ತೆ ಇತರರ ಸಮಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯಿತು. ದಿನವೂ ‘ನಿಮಗೆ ಹೊಂದುವ 12 ಕೆಲಸಗಳಿವೆ’ ಎಂದು ಸಂದೇಶ ಬರುತ್ತಿದ್ದರೆ, ಪಕ್ಕದ ಪಟ್ಟಣದ ಹತ್ತು ಸಾವಿರದ ಕೆಲಸ ಸಣ್ಣದಾಗಿ ಕಾಣುವುದು ಸಹಜ. ಖಾತೆ ಪುಕ್ಕಟೆಯಾದರೂ ಕಾಯುವ ತಿಂಗಳುಗಳಿಗೆ ಬೆಲೆಯಿದೆ ಎಂಬುದನ್ನು ಈ ಅಧ್ಯಯನ ನೆನಪಿಸುತ್ತದೆ. ಬೆಲೆ ತೆರುವವರು ಮನೆಯವರು.

ಇನ್ನೊಂದು ಹಳೆಯ ತಿಳಿವಳಿಕೆಯೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದ ಉದ್ಯೋಗಸ್ಥರನ್ನು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನ ಕೆಲಸ ಪಡೆದದ್ದು ಪರಿಚಿತರ ಮೂಲಕ ಎಂದು ತಿಳಿಯಿತು. ಅದರಲ್ಲೂ ನೆರವಾದವರಲ್ಲಿ ದಿನವೂ ಭೇಟಿಯಾಗುವ ಆಪ್ತರಿಗಿಂತ, ಅಪರೂಪಕ್ಕೆ ಸಿಗುವ ಪರಿಚಯದವರೇ ಹೆಚ್ಚು. ಕಾರಣ ಸರಳ: ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರ ಬಳಿ ಹೊಸ ಸುದ್ದಿ ಇರುತ್ತದೆ. ಹಿಂದಿನ ವರ್ಷ ಓದು ಮುಗಿಸಿ ಹುಣಸೂರಿನಲ್ಲಿ ಕೆಲಸಕ್ಕೆ ಸೇರಿದ ಸೀನಿಯರ್, ಬೆಂಗಳೂರಿನ ಆಸ್ಪತ್ರೆಯಲ್ಲಿರುವ ಚಿಕ್ಕಮ್ಮನ ನೆರೆಮನೆಯ ನರ್ಸ್ ಇಂಥವರ ಒಂದು ಫೋನ್ ಕರೆ ನೂರು ಆನ್‌ಲೈನ್ ಅರ್ಜಿಗೆ ಸಮ. ತಾಣದಲ್ಲಿ ಹುದ್ದೆ ಕಂಡ ಕೂಡಲೆ, ಆ ಸಂಸ್ಥೆಯಲ್ಲಿ ನಮಗೆ ಗೊತ್ತಿದ್ದವರು ಯಾರಾದರೂ ಇದ್ದಾರೆಯೆ ಎಂದು ಹುಡುಕುವುದೇ ಎರಡನ್ನೂ ಜೋಡಿಸುವ ದಾರಿ.

ತಾಣದಲ್ಲಿ ಕಾಣದ ಕೆಲಸಗಳು

ಐಟಿ, ಬ್ಯಾಂಕಿಂಗ್, ವಿಮೆ, ಮಾರಾಟ, ಕಾಲ್ ಸೆಂಟರ್, ಆಸ್ಪತ್ರೆ, ಡೆಲಿವರಿ ಕ್ಷೇತ್ರಗಳ ಕೆಲಸ ಖಾಸಗಿ ತಾಣಗಳಲ್ಲಿ ಹೇರಳ. ಊರಲ್ಲಿ ನಿಜವಾಗಿ ಹುಟ್ಟುವ ಕೆಲಸಗಳು ಅಲ್ಲಿಲ್ಲ. ಹಾಲಿನ ಸಂಘ, ಹೋಂ ಸ್ಟೇ, ಗೊಬ್ಬರದ ಅಂಗಡಿ, ಖಾಸಗಿ ಶಾಲೆ ಇವು ಜನ ಬೇಕೆಂದರೆ ನಾಲ್ಕು ಜನರಿಗೆ ಬಾಯಲ್ಲಿ ಹೇಳುತ್ತವೆ, ಇಲ್ಲವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತವೆ.

ಸರ್ಕಾರಿ ಕೆಲಸದ ದಾರಿಯೂ ಬೇರೆ. ಕೇರಳದಲ್ಲಿ ಕಾಯಂ ಹುದ್ದೆಗೆ ಲೋಕಸೇವಾ ಆಯೋಗದ (ಪಿಎಸ್‌ಸಿ) ‘ತುಳಸಿ’ ತಾಣದಲ್ಲಿ ಒಮ್ಮೆ ನೋಂದಾಯಿಸಿಕೊಂಡರೆ ಸಾಕು, ಮುಂದೆ ಪ್ರತಿ ಅಧಿಸೂಚನೆಗೂ ಅಲ್ಲಿಂದಲೇ ಅರ್ಜಿ. ಅರ್ಜಿಗೆ ಶುಲ್ಕವಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಮುಖ್ಯವಾದ, ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಮೀಸಲಾದ ಗುಮಾಸ್ತ ಹುದ್ದೆಗಳು, ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳು ಪ್ರಕಟವಾಗುವುದು ಅಲ್ಲಿಯೇ. ತಾತ್ಕಾಲಿಕ ಹುದ್ದೆಗೆ ಇಂದಿಗೂ ಉದ್ಯೋಗ ವಿನಿಮಯ ಕೇಂದ್ರವೇ ಬಾಗಿಲು. ಅದರ ಮೂಲಕ ಬರುವ 179 ದಿನಗಳ ನೇಮಕಾತಿ ಕೇರಳದಲ್ಲಿ ಮನೆಮಾತು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮರಳುತ್ತಿದ್ದಾಗ, 1945ರಲ್ಲಿ ಶುರುವಾದ ಈ ಕೇಂದ್ರಗಳನ್ನು ಹಳೆಯ ಕಾಲದ್ದೆಂದು ಕಡೆಗಣಿಸುವುದು ತಪ್ಪು. ಈಗ ನೋಂದಣಿಯನ್ನು ಅಕ್ಷಯ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಕುಳಿತೇ ಮಾಡಿಸಬಹುದು. ನವೀಕರಣದ ತಿಂಗಳು ತಪ್ಪಿಸಿದರೆ ಮಾತ್ರ ಜ್ಯೇಷ್ಠತೆ ಕೈತಪ್ಪುವ ಅಪಾಯವಿದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ, ಅಂದರೆ ಎನ್‌ಸಿಎಸ್ ತಾಣ, ಬಂದದ್ದು 2015ರ ಜುಲೈನಲ್ಲಿ. ಸಹಾಯವಾಣಿ 1514. ಕರ್ನಾಟಕಕ್ಕೆ ಸ್ಕಿಲ್ ಕನೆಕ್ಟ್ ಇದೆ, ಕೇರಳಕ್ಕೆ ನಾಲೆಜ್ ಎಕಾನಮಿ ಮಿಷನ್‌ನ ಡಿಡಬ್ಲ್ಯುಎಂಎಸ್ ಇದೆ. ಎನ್‌ಸಿಎಸ್‌ನಲ್ಲಿ 2023–24ರ ಒಂದೇ ವರ್ಷದಲ್ಲಿ ಪ್ರಕಟವಾದ ಖಾಲಿ ಹುದ್ದೆಗಳ ಸಂಖ್ಯೆ 1 ಕೋಟಿ ದಾಟಿತ್ತು. ಅದೇ ವರ್ಷದ ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ (ಪಿಎಲ್‌ಎಫ್‌ಎಸ್) ಕೇರಳದ 15ರಿಂದ 29 ವಯಸ್ಸಿನವರ ನಿರುದ್ಯೋಗ ಪ್ರಮಾಣ ಶೇ 29.9; ಯುವತಿಯರಲ್ಲಿ ಅದು ಶೇ 47.1. ದೇಶದ ಸರಾಸರಿ ಶೇ 10.2. ಕೋಟಿ ಹುದ್ದೆ ಒಂದೆಡೆ, ದುಡಿಯಲು ಸಿದ್ಧರಿರುವ ಹತ್ತು ಯುವಜನರಲ್ಲಿ ಮೂವರಿಗೆ ಕೆಲಸವಿಲ್ಲದ ಸ್ಥಿತಿ ಇನ್ನೊಂದೆಡೆ ಇರುವುದು ಹೇಗೆ? ಪ್ರಕಟಣೆ ಬೇರೆ, ನೇಮಕಾತಿ ಬೇರೆ. ಆ ಕೋಟಿಯಲ್ಲಿ ದೊಡ್ಡ ಪಾಲು ಹಣಕಾಸು ಮತ್ತು ವಿಮಾ ಕ್ಷೇತ್ರದ್ದು. ಕಮಿಷನ್ ಮೇಲೆ ಪಾಲಿಸಿ ಮಾರುವ ಏಜೆಂಟನ ಕೆಲಸವೂ ಜಾಹೀರಾತಿನ ಭಾಷೆಯಲ್ಲಿ ಉದ್ಯೋಗವೇ. ಯಾವ ತಾಣವೇ ಆಗಲಿ, ‘ಇಷ್ಟು ಲಕ್ಷ ಹುದ್ದೆ ಇವೆ’ ಎಂದರೆ ಅದನ್ನು ‘ಇಷ್ಟು ಲಕ್ಷ ಜನರಿಗೆ ಕೆಲಸ ಸಿಕ್ಕಿತು’ ಎಂದು ಓದಿಕೊಳ್ಳಬಾರದು.

ಕೆಲಸದ ಹೆಸರಲ್ಲಿ ಕನ್ನ

ಇನ್ನು ಅಪಾಯದ ಮಾತು. ‘ಮನೆಯಿಂದಲೇ ಡೇಟಾ ಎಂಟ್ರಿ. ಅನುಭವ ಬೇಡ. ದಿನಕ್ಕೆ ಎರಡು ಗಂಟೆ. ತಿಂಗಳಿಗೆ 35,000. ಮಹಿಳೆಯರಿಗೆ ಆದ್ಯತೆ.’ ಇಂಥ ಜಾಹೀರಾತನ್ನು ನೋಡದವರಿಲ್ಲ. ಒಂದೊಂದೇ ಪದ ಹಿಡಿದು ಓದಿ. ಕಂಪನಿಯ ಹೆಸರಿಲ್ಲ. ಎರಡು ಗಂಟೆಯ ಕೆಲಸಕ್ಕೆ ಪಟ್ಟಣದ ಗುಮಾಸ್ತನಿಗಿಂತ ಹೆಚ್ಚು ಸಂಬಳ. ಅನುಭವ ಬೇಡವೆನ್ನುವುದು ಯಾರೂ ಹಿಂಜರಿಯದಿರಲಿ ಎಂದು. ಮುಂದಿನ ಹಂತದಲ್ಲಿ ಮಾತುಕತೆ ಟೆಲಿಗ್ರಾಂಗೋ ವಾಟ್ಸ್ಆ್ಯಪಿಗೋ ಹೋಗುತ್ತದೆ. ವಿಡಿಯೊಗೆ ಲೈಕ್ ಒತ್ತಿದ್ದಕ್ಕೆ ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಹುಟ್ಟಿದ ಮೇಲೆ ‘ಪ್ರೀಮಿಯಂ ಟಾಸ್ಕ್’ಗೆ ಠೇವಣಿ ಕೇಳುತ್ತಾರೆ, ಅಲ್ಲಿಂದ ಹಣ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಶಿಫಾರಸಿನಂತೆ ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಬಂದ್ ಮಾಡಲಾಯಿತು. ಬೇರೆ ಹೆಸರಿನಲ್ಲಿ ಅವು ಮತ್ತೆ ಹುಟ್ಟುತ್ತಲೇ ಇವೆ.

ವಿದೇಶದ ಕೆಲಸದ ಆಮಿಷ ಇನ್ನೂ ದೊಡ್ಡದು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿಸಿ ಯುವಕರನ್ನು ಮ್ಯಾನ್ಮಾರ್‌ನ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕುತ್ತಿದ್ದಾರೆ ಎಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ವಯನಾಡು, ಕಾಸರಗೋಡುಗಳಿಂದ ಹೊರದೇಶಕ್ಕೆ ಹೋಗುವ ನರ್ಸ್‌ಗಳ ಅನುಭವವೂ ಎಚ್ಚರಿಕೆಯ ಪಾಠವೇ. ಕುವೈತಿಗೆ ನರ್ಸ್‌ಗಳನ್ನು ಕಳಿಸುವ ಹೆಸರಿನಲ್ಲಿ, ಸರ್ಕಾರ ನಿಗದಿಪಡಿಸಿದ್ದ 19,500 ರೂಪಾಯಿಯ ಬದಲು ತಲಾ 19.5 ಲಕ್ಷ ರೂಪಾಯಿ ವಸೂಲಿ ಮಾಡಲಾಗಿದೆ ಎಂಬ ಆರೋಪದ ಮೇಲೆ 2015ರಲ್ಲಿ ಕೊಚ್ಚಿಯಲ್ಲಿ ಸಿಬಿಐ ಪ್ರಕರಣ ದಾಖಲಾಯಿತು. ಅದೇ ವರ್ಷ ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಕೇಂದ್ರ ನಿಯಮ ಮಾಡಿತು. ಈಗ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟನಿಗೆ ಪರವಾನಗಿ ಇದೆಯೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ನೆನಪಿಡಬೇಕಾದ ಸೂತ್ರ ಒಂದೇ. ದೇಶದೊಳಗಿನ ಕೆಲಸಕ್ಕೆ ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಸಂದರ್ಶನದ ಶುಲ್ಕ ಎಂದು ಯಾವ ನೆಪದಲ್ಲಿ ಹಣ ಕೇಳಿದರೂ ಅಲ್ಲಿಗೆ ನಿಲ್ಲಿಸಿ. ಒಟಿಪಿ ಕೊಡಬೇಡಿ. ಸಂದರ್ಶನಕ್ಕೆ ಮೊದಲೇ ಆಧಾರ್, ಪಾನ್ ಪ್ರತಿ ಕಳಿಸಬೇಡಿ. ‘ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಟ್ಟರೆ ಕಮಿಷನ್’ ಎನ್ನುವವನು ಕೆಲಸ ಕೊಡುತ್ತಿಲ್ಲ, ತನ್ನ ಅಪರಾಧಕ್ಕೆ ನಿಮ್ಮ ಹೆಸರು ಕೇಳುತ್ತಿದ್ದಾನೆ. ಹಣ ಹೋಗಿದ್ದರೆ ಸಂಕೋಚಪಡದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಾಗಾದರೆ ಏನು ಮಾಡಬೇಕು?

ಉದ್ಯೋಗ ತಾಣವನ್ನು ಸುದ್ದಿಯ ಮೂಲವಾಗಿ ಬಳಸಿದರೆ ಲಾಭ. ನಮ್ಮ ಪರವಾಗಿ ಓಡಾಡುವ ಮಧ್ಯವರ್ತಿ ಎಂದು ನಂಬಿದರೆ ನಷ್ಟ. ಯಾವ ಊರಿನಲ್ಲಿ ಯಾವ ಕೆಲಸಕ್ಕೆ ಬೇಡಿಕೆಯಿದೆ, ಸಂಬಳ ಎಷ್ಟು, ಯಾವ ಕೌಶಲ ಕೇಳುತ್ತಾರೆ ಎಂಬುದನ್ನು ಮುಳ್ಳನ್ಕೊಲ್ಲಿಯಲ್ಲೇ ಕುಳಿತು ತಿಳಿಯುವ ಅವಕಾಶ ಹಿಂದಿನ ತಲೆಮಾರಿಗೆ ಇರಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಬೇರೆ ಬೇರೆ ಸಂಸ್ಥೆಗಳ ಇಪ್ಪತ್ತು ಜಾಹೀರಾತಿನಲ್ಲಿ ಒಂದೇ ಕೌಶಲ ಮತ್ತೆ ಮತ್ತೆ ಕಂಡರೆ, ಮುಂದಿನ ಮೂರು ತಿಂಗಳು ಏನು ಕಲಿಯಬೇಕು ಎಂಬುದಕ್ಕೆ ಉತ್ತರ ಸಿಕ್ಕಂತೆಯೇ.

ಅದಕ್ಕೊಂದು ಮಿತಿಯೂ ಇರಲಿ. ಎರಡು ಖಾಸಗಿ ತಾಣ, ಒಂದು ಸರ್ಕಾರಿ ತಾಣ ಸಾಕು. ದಿನಕ್ಕೆ ಅರ್ಧ ಗಂಟೆ ಸಾಕು. ಕಂಡದ್ದಕ್ಕೆಲ್ಲ ಅರ್ಜಿ ಒತ್ತುವ ಬದಲು ವಾರಕ್ಕೆ ನಾಲ್ಕೈದು ಹುದ್ದೆ ಆರಿಸಿ, ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ನೋಡಿ, ಅಲ್ಲಿಯೇ ಅರ್ಜಿ ಹಾಕಿ, ಪರಿಚಿತರಿದ್ದರೆ ವಿಚಾರಿಸಿ. ಹಣ ಕೊಟ್ಟರೆ ಬಯೋಡೇಟಾ ಮೇಲಕ್ಕೆ ತರುತ್ತೇವೆ ಎಂಬ ಸೇವೆಗಳನ್ನು ಮೊದಲ ಕೆಲಸ ಹುಡುಕುವವರು ದೂರವಿಡುವುದೇ ಲೇಸು. ಆ ಹಣ ಮೈಸೂರಿಗೆ ಹೋಗಿ ಸಂದರ್ಶನ ಕೊಟ್ಟು ಬರಲು ಆದೀತು. ಊರ ಹತ್ತಿರ ಸುಮಾರಾದ ಕೆಲಸ ಸಿಕ್ಕರೆ ಹಿಡಿಯಿರಿ, ಹುಡುಕಾಟ ಮುಂದುವರಿಸಿ. ‘ಅನುಭವ 1 ವರ್ಷ’ ಎಂಬ ಜರಡಿ ದಾಟಿಸುವುದು ಆ ಸುಮಾರಾದ ಕೆಲಸವೇ.

ವ್ಯಕ್ತಿಗಳು ಎಷ್ಟೇ ಜಾಣರಾದರೂ ಕೆಲವು ಕೆಲಸ ಪಂಚಾಯಿತಿಗಳೇ ಮಾಡಬೇಕು. ಪಣಿಯ, ಅಡಿಯ, ಕಾಟ್ಟುನಾಯ್ಕ ಆದಿವಾಸಿ ಮನೆಗಳ ಮೊದಲ ತಲೆಮಾರಿನ ಪದವೀಧರರಿಗೆ ಬೆಂಗಳೂರಿನಲ್ಲಿ ‘ಸೀನಿಯರ್’ಗಳಿಲ್ಲ, ಶಿಫಾರಸಿನ ಫೋನ್ ಮಾಡುವವರಿಲ್ಲ. ಪರಿಚಯವೇ ಅರ್ಧ ಕೆಲಸ ಎಂದಾದರೆ ಇವರು ಓಟ ಶುರುವಾಗುವ ಮೊದಲೇ ಹಿಂದೆ ಬಿದ್ದವರು. ಅಕ್ಷಯ ಕೇಂದ್ರದಲ್ಲೋ, ಆಚೆ ದಡದ ಗ್ರಾಮ ಒನ್ ಕೇಂದ್ರದಲ್ಲೋ, ವಾರಕ್ಕೊಂದು ದಿನ ಬಯೋಡೇಟಾ ತಿದ್ದಿಕೊಡುವ, ಜಾಹೀರಾತು ಅಸಲಿಯೋ ನಕಲಿಯೋ ನೋಡಿ ಹೇಳುವ, ಪಿಎಸ್‌ಸಿ ಅಧಿಸೂಚನೆ ಓದಿ ವಿವರಿಸುವ ಒಬ್ಬರು ಕುಳಿತರೆ ಅದಕ್ಕಾಗುವ ಖರ್ಚು ಅತ್ಯಲ್ಪ. ಕೊಡಗಿಗೆ ಕೂಲಿಗೆ ಹೋಗುವವರ ಹೆಸರು, ಹೋದ ತೋಟ, ಕರೆದೊಯ್ದ ಮೇಸ್ತ್ರಿಯ ಫೋನ್ ನಂಬರ್ ಅದೇ ಮೇಜಿನಲ್ಲಿ ದಾಖಲಾದರೆ ಇನ್ನೂ ಒಳ್ಳೆಯದು. ಆ್ಯಪ್‌ಗಳು ಅವರ ಕಡೆ ತಿರುಗಿ ನೋಡುವುದು ಕಡಿಮೆ.

ಕಂಪನಿಗಳ ಹಣದಲ್ಲಿ ನಡೆಯುವ ತಾಣ ಕಂಪನಿಗಳ ಅಗತ್ಯ ನೋಡುತ್ತದೆ, ಅದನ್ನು ದೂರಿ ಫಲವಿಲ್ಲ. ಕೆಲಸ ಹುಡುಕುವವರ ಪರವಾಗಿ ದುಡಿಯಲು ಯಾರಾದರೂ ಬೇಕೆಂದರೆ ಅವರ ಸಂಬಳ ಸಾರ್ವಜನಿಕ ಹಣದಿಂದ ಬರಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಕುಡಿಯುವ ನೀರಿನ ಬೇಡಿಕೆಯ ಜತೆಗೆ ಎರಡೂ ದಡದವರು ಕೇಳಬೇಕಾದ್ದು ಆ ಒಂದು ಮೇಜು, ಒಂದು ಕುರ್ಚಿ.